ಸಹಿ ಇದೆಯಲ್ಲ ಅನ್ನುವವರಿಗೆ

ವೆರ್ಟ್‌ಹೈಮ್ ಮನೆತನದ ಕಥೆ ಹೇಳಿದಾಗ ಗೆಳೆಯರೊಬ್ಬರು, "ಅವರೇ ತಾನೇ ಮಾರಿದ್ದು? ಸಹಿ ಇದೆಯಲ್ಲ!" ಅಂದರು. ಆ ಮಾತು ಇನ್ನೂ ಕೊರೆಯುತ್ತಿದೆ.

ಬರ್ಲಿನ್ನಿನ ಲೈಪ್‌ಜಿಗರ್ ಚೌಕದಲ್ಲಿ ಈ ಯಹೂದಿ ಮನೆತನದ ಭಾರಿ ಅಂಗಡಿ ಇತ್ತು. ಗಾಜಿನ ಚಾವಣಿ, ಸಾಲು ಸಾಲು ಲಿಫ್ಟು. 1933ರಲ್ಲಿ ನಾಜಿಗಳು ಬಂದರು. ಯಜಮಾನ ಗೇಯೊರ್ಗ್ ವೆರ್ಟ್‌ಹೈಮ್ ತಮ್ಮ ಷೇರುಗಳನ್ನು ಯಹೂದಿಯಲ್ಲದ ಹೆಂಡತಿಯ ಹೆಸರಿಗೆ ಮಾಡಿದರು. ಅದೂ ಉಳಿಸಲಿಲ್ಲ. 1937ರ ಜನವರಿ 1ರಂದು ಡೈರಿಯಲ್ಲಿ ಬರೆದದ್ದು ಎರಡೇ ಮಾತು: ವ್ಯಾಪಾರದಿಂದ ಹೊರಬಂದೆ, ಸಂಸ್ಥೆ ಜರ್ಮನ್ (ಅಂದರೆ ಇನ್ನು ಯಹೂದಿಯರದಲ್ಲ) ಎಂದು ಘೋಷಣೆಯಾಯಿತು. ಇಡೀ ಬದುಕು ಕಟ್ಟಿದ್ದನ್ನು ಎರಡು ಸಾಲಲ್ಲಿ ಬಿಟ್ಟುಕೊಡುವುದು ಹೇಗಿರುತ್ತದೆ? 1939ರ ಡಿಸೆಂಬರ್ 31ರಂದು ತೀರಿಕೊಂಡರು.

ಇದು ಮೊದಲ ಕಳವು. ನನ್ನನ್ನು ಜಾಸ್ತಿ ಕಾಡುವುದು ಎರಡನೆಯದು.

ಈ ಮನೆತನದ ಇಬ್ಬರು ಅಣ್ಣತಮ್ಮಂದಿರು, ಗ್ಯುಂಟರ್ ಮತ್ತು ಫ್ರಿಟ್ಸ್, ಅಮೆರಿಕಕ್ಕೆ ಓಡಿಹೋಗಿದ್ದರು. ಗ್ಯುಂಟರ್ ನ್ಯೂಜೆರ್ಸಿಯಲ್ಲಿ ಕೋಳಿ ಸಾಕುತ್ತಿದ್ದರು. 1951ರಲ್ಲಿ ಕುಟುಂಬದ ವಕೀಲ ಇಬ್ಬರ ಪಾಲನ್ನೂ ಕೊಂಡುಕೊಂಡ. ಗೇಯೊರ್ಗ್ ಅವರ ವಿಧವೆಯನ್ನು ಮದುವೆಯಾದವನೂ ಇವನೇ. ಒಬ್ಬೊಬ್ಬರಿಗೆ ಸಿಕ್ಕಿದ್ದು ಹತ್ತು ಸಾವಿರ ಡಾಲರಿಗೂ ಕಡಿಮೆ. ಕಂಪನಿಯಲ್ಲಿ ಇನ್ನೇನೂ ಉಳಿದಿಲ್ಲ ಎಂದು ನಂಬಿಸಿ ಬರೆಸಿಕೊಂಡ ಅನ್ನುತ್ತಾರೆ ಮನೆಯವರು. ಆಮೇಲೆ ಸಂಸ್ಥೆ ಹೆರ್ಟೀ ಎಂಬ ದೊಡ್ಡ ಅಂಗಡಿ ಕಂಪನಿಯ ಕೈಸೇರಿತು. ಕೊನೆಗೆ ಹೆರ್ಟೀಯನ್ನೇ ಕಾರ್‌ಸ್ಟಾಟ್ ಕೊಂಡಿತು.

ಓದಲು ಬಾರದವರ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಂಡ ಕಥೆ ನಮ್ಮ ಎಷ್ಟು ಮನೆಗಳಲ್ಲಿಲ್ಲ? ಇವರಿಗೆ ಓದು ಬರುತ್ತಿತ್ತು. ಆದರೆ ಬರ್ಲಿನ್ನಿನಲ್ಲಿ ಏನು ಉಳಿದಿದೆ ಎಂದು ಸಮುದ್ರದಾಚೆಯ ಕೋಳಿ ಫಾರಂನಲ್ಲಿ ಕೂತು ನೋಡುವುದು ಹೇಗೆ? ಮಾರುವವನಿಗೆ ತನ್ನದೇನಿದೆ ಎಂದೇ ಗೊತ್ತಿಲ್ಲದ ಮಾರಾಟವನ್ನು ನಾನು ಮಾರಾಟ ಅನ್ನುವುದಿಲ್ಲ.

ಯುದ್ಧದ ನಂತರ ಮನೆತನದ ಹಲವು ಜಾಗಗಳು ಪೂರ್ವ ಜರ್ಮನಿಯ ಕಡೆ ಉಳಿದವು. ನಾಜಿಗಳು ಕಿತ್ತುಕೊಂಡ ಯಹೂದಿ ಆಸ್ತಿಯನ್ನು ಪೂರ್ವ ಜರ್ಮನಿ ಹೆಚ್ಚುಕಡಿಮೆ ಯಾರಿಗೂ ಹಿಂದಿರುಗಿಸಲಿಲ್ಲ. 1990ರಲ್ಲಿ ಎರಡೂ ಜರ್ಮನಿ ಒಂದಾದ ಮೇಲೆ ಅಲ್ಲಿನ ಆಸ್ತಿ ಕೇಳಲು ಕಾನೂನು ಬಂತು. ಕೊನೆಯ ದಿನ 1992ರ ಡಿಸೆಂಬರ್ 31. ಕಳೆದುಕೊಂಡಿದ್ದೇ ಗೊತ್ತಿಲ್ಲದವರು ಗಡುವಿನೊಳಗೆ ಅರ್ಜಿ ಹಾಕಬೇಕಂತೆ! ವಾರಸುದಾರರು ಕೇಳದ ಯಹೂದಿ ಆಸ್ತಿಗಾಗಿ ಕ್ಲೇಮ್ಸ್ ಕಾನ್ಫರೆನ್ಸ್ ಎಂಬ ಸಂಸ್ಥೆ ಹೋರಾಡಿತು. ಪುಣ್ಯಕ್ಕೆ ಅದಾದರೂ ಇತ್ತು.

ಅಷ್ಟರಲ್ಲಿ ಬರ್ಲಿನ್ನಿನ ಪಾಟ್ಸ್‌ಡಾಮರ್ ಚೌಕದ ಪಕ್ಕದ, ಹಿಂದೆ ವೆರ್ಟ್‌ಹೈಮ್ ಆಸ್ತಿಯಾಗಿದ್ದ ಲೆನ್ನೆ ತ್ರಿಕೋನ ಎಂಬ ಜಾಗವನ್ನು ಬರ್ಲಿನ್ ಸರ್ಕಾರ ಹೆರ್ಟೀಗೆ ಕೊಟ್ಟಾಗಿತ್ತು. ವೆರ್ಟ್‌ಹೈಮ್ ಹಕ್ಕು ಅದರದ್ದೇ ಎಂಬ ಲೆಕ್ಕದಲ್ಲಿ. 2000ದಲ್ಲಿ ಆ ಜಾಗ ಮಾರಾಟವೂ ಆಯಿತು. ಇವತ್ತು ಅಲ್ಲಿ ಐಷಾರಾಮಿ ಹೋಟೆಲುಗಳಿವೆ. ಕೋರ್ಟಿನಲ್ಲಿ ಕಾರ್‌ಸ್ಟಾಟ್ ತೋರಿಸಿದ್ದು ಅದೇ 1951ರ ಸಹಿ. ನನ್ನ ಗೆಳೆಯರ ಮಾತೇ, ಅಲ್ವಾ? 2005ರಲ್ಲಿ ಬರ್ಲಿನ್ ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

2007ರಲ್ಲಿ ರಾಜಿಯಾಯಿತು. ಕಾರ್‌ಸ್ಟಾಟ್ 88 ಮಿಲಿಯನ್ ಯೂರೋ ಕೊಡಲು ಒಪ್ಪಿತು. ವಾರಸುದಾರರ ಪರವಾಗಿ ಮುಂದೆ ನಿಂತದ್ದು ಗ್ಯುಂಟರ್ ಮಗಳು. ಅವರಿಗಾಗಲೇ ಎಪ್ಪತ್ತು ದಾಟಿತ್ತು. ಸಹಿ ಹಾಕಿದ ಇಬ್ಬರೂ ತೀರಿಹೋಗಿದ್ದರು.