ನಾಯಿ ಚಾರ್ಜು

‘ನೋಡಲ್’ ಎಂಬ ಪದ ಮೊದಲ ಸಲ ಕಿವಿಗೆ ಬಿದ್ದಾಗ ಅದು ಹಳಗನ್ನಡ ಎಂದೇ ತಿಳಿದಿದ್ದೆ. ನೋಡಲ್, ಕೇಳಲ್, ಪೇಳಲ್. ನೋಡಲ್ ಅಧಿಕಾರಿ ಎಂದರೆ ನೋಡಲೆಂದೇ ನೇಮಕವಾದವರು, ಮಾಡುವವರು ಬೇರೆ ಯಾರೋ ಇರುತ್ತಾರೆ ಅಂತ. ಆಮೇಲೆ ಯಾರೋ ಅದು ಇಂಗ್ಲಿಷು ಮಾರಾಯ ಎಂದು ತಿದ್ದಿದರು. ಭಾಷೆ ತಪ್ಪಿತ್ತು, ಅರ್ಥ ಸರಿಯಾಗಿಯೇ ಇತ್ತು.

ಈಗ ಆ ಪದ ಬೀದಿನಾಯಿಯ ತನಕ ಬಂದಿದೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಹೇಳಿದ್ದು ನಿಮಗೆಲ್ಲ ಗೊತ್ತೇ ಇದೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದ ಆವರಣದೊಳಗೆ ನಾಯಿ ಇರಕೂಡದು, ಹಿಡಿದದ್ದನ್ನು ಅದೇ ಜಾಗಕ್ಕೆ ತಂದು ಬಿಡಕೂಡದು, ಬೇಲಿಯೋ ಕಾಂಪೌಂಡೋ ಆಗಬೇಕು, ಆವರಣ ನೋಡಿಕೊಳ್ಳಲು ಒಬ್ಬ ನೋಡಲ್ ಅಧಿಕಾರಿ ಇರಬೇಕು. ಕೋರ್ಟು ಹೇಳಿದ್ದರಲ್ಲಿ ತಪ್ಪೇನಿಲ್ಲ. ಹುಚ್ಚುನಾಯಿ ಕಚ್ಚಿದರೆ ಅದು ವಿಡಂಬನೆ ಬರೆಯುವ ವಿಷಯವಲ್ಲ. ಆದರೆ ಮೇಲೆ ಆಡಿದ ಮಾತು ಒಂದೊಂದೇ ಮೆಟ್ಟಿಲು ಇಳಿದು ಕೆಳಗೆ ಬರುವಷ್ಟರಲ್ಲಿ, ಕೊನೆಯ ಮೆಟ್ಟಿಲ ಮೇಲೆ ಯಾವಾಗಲೂ ಒಬ್ಬ ಪ್ರೈಮರಿ ಮೇಷ್ಟ್ರು ಕೂತಿರುತ್ತಾರೆ.

ನನ್ನ ಸ್ನೇಹಿತರೊಬ್ಬರು ಅಂಥ ಮೇಷ್ಟ್ರು. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಎರಡು ಕೋಣೆ, ಒಂದರಿಂದ ಐದನೇ ತರಗತಿ, ಒಟ್ಟು ಇಪ್ಪತ್ಮೂರು ಮಕ್ಕಳು. ಇವರು ಹೆಡ್‌ಮಾಸ್ಟ್ರು, ಜತೆಗೊಬ್ಬರು ಟೀಚರು. ಒಂದು ಸಂಜೆ ಫೋನ್ ಮಾಡಿದರು.

‘ನಾಯಿ ಚಾರ್ಜು ತಗೊಂಡೆ ಕಣಯ್ಯ.’

‘ಭತ್ಯೆ ಗಿತ್ಯೆ ಏನಾದರೂ ಉಂಟಾ?’

‘ಕಚ್ಚಿದರೆ ಸೂಜಿ ಫ್ರೀ.’

ಅವರ ಶಾಲೆಯ ನಾಯಿಯನ್ನು ನಾನೂ ಕಂಡಿದ್ದೇನೆ. ಮಕ್ಕಳು ಇಟ್ಟ ಹೆಸರು ಕರಿಯ. ದಾಖಲಾತಿ ಇಲ್ಲ, ಹಾಜರಾತಿ ಮಾತ್ರ ನೂರಕ್ಕೆ ನೂರು. ಪ್ರಾರ್ಥನೆಯ ಹೊತ್ತಿಗೆ ಧ್ವಜಕಟ್ಟೆಯ ಹಿಂದೆ ಬಂದು ಮಲಗುತ್ತದೆ. ಗಣಿತದ ಹೊತ್ತಿನಲ್ಲಿ ಒಂದು ಕಿವಿ ನಿಮಿರುತ್ತದೆ, ಅದು ಗಣಿತಕ್ಕಲ್ಲ, ಅಡುಗೆಮನೆಯ ಕುಕ್ಕರಿನ ಸೀಟಿಗೆ. ಮೊಟ್ಟೆಯ ದಿನ ಯಾವುದು, ಬಾಳೆಹಣ್ಣಿನ ದಿನ ಯಾವುದು ಎಂಬುದು ಇಲಾಖೆಗಿಂತ ಕರಿಯನಿಗೆ ಚೆನ್ನಾಗಿ ಗೊತ್ತು. ಮೊಟ್ಟೆ ಬೇಯುವ ವಾಸನೆ ಬಂತೋ, ಜಗಲಿಗೆ ಹಾಜರು. ಮೊಟ್ಟೆ ಸಿಗದೆ ಬಾಳೆಹಣ್ಣು ಬಂದ ದಿನ ಒಂದು ಸಲ ಮೂಸಿ, ಆಕಳಿಸಿ, ಊರೊಳಗೆ ಹೋಗಿಬಿಡುತ್ತದೆ. ಹಳದಿ ಭಾಗ ಬೇಡ ಎನ್ನುವ ಮಕ್ಕಳು ಎಷ್ಟು ಜನ ಇದ್ದಾರೆ, ಯಾವ ಕಂಬದ ಹತ್ತಿರ ಕೂರುತ್ತಾರೆ ಎಂಬುದೂ ಅದಕ್ಕೆ ಬಾಯಿಪಾಠ. ಇಂಥ ಪ್ರಾಣಿಯನ್ನು ಓಡಿಸುವ ಬದಲು ಬಿಸಿಯೂಟದ ಮೌಲ್ಯಮಾಪನಕ್ಕೆ ನೇಮಿಸಬಹುದಿತ್ತು.

ಮೊಟ್ಟೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಯೋಜನೆ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ, 2024ರ ಸೆಪ್ಟೆಂಬರಿನಿಂದ ವಾರಕ್ಕೆ ಆರು ದಿನ ಮೊಟ್ಟೆ. 2013ರಲ್ಲಿ ಕ್ಷೀರಭಾಗ್ಯ, ಅದಕ್ಕೂ ಮುಂಚೆ 2002ರಲ್ಲಿ ಬಿಸಿಯೂಟದ ಅಕ್ಷರ ದಾಸೋಹ. ಹಸಿದ ಹೊಟ್ಟೆಗೆ ಅನ್ನ ಹಾಕಿದವರನ್ನು ಗೇಲಿ ಮಾಡುವಷ್ಟು ಕೆಟ್ಟವನಲ್ಲ ನಾನು. ನನ್ನ ತಕರಾರು ಲೆಕ್ಕದ್ದು. ಒಂದು ಮೊಟ್ಟೆಗೆ ನಿಗದಿಯಾದದ್ದು 6 ರೂಪಾಯಿ. ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಎಲ್ಲ ಅದರಲ್ಲೇ. ಸುಲಿಯುವ ಕೂಲಿ ಪೈಸೆಯ ಲೆಕ್ಕ. ದೇಶದಲ್ಲಿ ಪೈಸೆ ಇನ್ನೂ ಚಲಾವಣೆಯಲ್ಲಿರುವುದು ಎರಡೇ ಕಡೆ: ಪೆಟ್ರೋಲ್ ಬಂಕಿನಲ್ಲಿ, ಮತ್ತು ಬೆಂದ ಮೊಟ್ಟೆ ಸುಲಿಯುವ ಹೆಂಗಸಿನ ಕೈಯಲ್ಲಿ. ಚಳಿಗಾಲ ಬಂತೆಂದರೆ ಅಂಗಡಿಯವನು ‘ಮೇಷ್ಟ್ರೇ, ಇವತ್ತು ಏಳೂಕಾಲು’ ಎನ್ನುತ್ತಾನೆ. ಸುತ್ತೋಲೆ ತೋರಿಸಿದರೆ ‘ನನಗೆ ಯಾಕೆ ತೋರಿಸ್ತೀರಿ, ಕೋಳಿಗೆ ತೋರಿಸಿ’ ಎನ್ನುತ್ತಾನೆ. ಮಿಕ್ಕ ದುಡ್ಡು ಮೇಷ್ಟ್ರ ಜೇಬಿನಿಂದ. ಅದಕ್ಕೆ ಯಾವ ‘ಭಾಗ್ಯ’ ಅಂತ ಹೆಸರಿಡಬೇಕೋ ನೋಡಲ್ ಅಧಿಕಾರಿಗಳು ನೋಡಿ ತಿಳಿಸಬೇಕು.

ಮೊಟ್ಟೆ ಮಗುವಿನ ಹೊಟ್ಟೆ ಸೇರಿದರೆ ಕೆಲಸ ಮುಗಿಯುವುದಿಲ್ಲ. ಅದು ಫೋಟೊ ಆಗಬೇಕು. ಕಳೆದ ಸಲ ಸಿಕ್ಕಾಗ ಮೇಷ್ಟ್ರು ತಮ್ಮ ಮೊಬೈಲಿನ ಗ್ಯಾಲರಿ ತೆರೆದು ಬೆರಳಲ್ಲಿ ಮೇಲಕ್ಕೆ ಸರಿಸುತ್ತಾ ಹೋದರು. ಮೊಟ್ಟೆ. ಮೊಟ್ಟೆ. ಶೌಚಾಲಯದ ಬಾಗಿಲು. ಮೊಟ್ಟೆ. ನೀರಿನ ಟ್ಯಾಂಕಿನ ಒಳಭಾಗ. ರಾಗಿ ಮಾಲ್ಟ್ ಕುಡಿಯುತ್ತಿರುವ ಹದಿನೆಂಟು ಲೋಟ. ಮೊಮ್ಮಗ. ಮೊಟ್ಟೆ. ಗಿಡ ನೆಡುತ್ತಿರುವ ಆರು ಕೈ. ಅದೇ ಗಿಡ, ಹೋದ ವರ್ಷದ್ದು, ಅದೇ ಗುಂಡಿ. ಮೊಟ್ಟೆ. ಒಂದು ಸಲ ಕೈ ತೊಳೆಯುವ ದಿನಾಚರಣೆಯ ಫೋಟೊ ಎಂದು ಮೊಮ್ಮಗ ಬಕೆಟ್ಟಿನಲ್ಲಿ ಕೂತು ಸ್ನಾನ ಮಾಡುವ ಫೋಟೊ ಇಲಾಖೆಯ ವಾಟ್ಸಾಪ್ ಗುಂಪಿಗೆ ಹೋಗಿಬಿಟ್ಟಿತಂತೆ. ಇವರು ಬೆವತು ಅಳಿಸುವಷ್ಟರಲ್ಲಿ ಮೇಲಿನಿಂದ ಉತ್ತರ ಬಂದಿತ್ತು: ‘ಗುಡ್. ಉಳಿದ ಶಾಲೆಗಳೂ ಹೀಗೆಯೇ ಬೇಗ ಕಳಿಸಿ.’

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಇದೆ ಸ್ವಾಮಿ, ಬಹಳ ಚಂದದ ಕಾನೂನು. 2009ರಲ್ಲಿ ಆದ ಶಿಕ್ಷಣ ಹಕ್ಕು ಕಾಯ್ದೆ, ಜಾರಿಯಾದದ್ದು 2010ರ ಏಪ್ರಿಲ್ 1ಕ್ಕೆ. ದಿನಾಂಕ ನೋಡಿ ಅಪಾರ್ಥ ಮಾಡಿಕೊಳ್ಳಬೇಡಿ. ಅದರ 27ನೇ ಸೆಕ್ಷನ್ ಹೇಳುತ್ತದೆ: ಶಿಕ್ಷಕರನ್ನು ಶೈಕ್ಷಣಿಕವಲ್ಲದ ಕೆಲಸಕ್ಕೆ ಹಚ್ಚಬಾರದು. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರಕ್ಕೆ ಮಾತ್ರ ವಿನಾಯಿತಿ. ಮೂರೇ. ಹಾಗಾದರೆ 2025ರ ದಸರಾ ರಜೆಯಲ್ಲಿ ನಮ್ಮ ಮೇಷ್ಟ್ರು ಮನೆ ಮನೆ ಬಾಗಿಲಿಗೆ ಅಂಟಿಸಿದ ಚೀಟಿ ಹುಡುಕುತ್ತಾ, ಕರೆಂಟ್ ಮೀಟರಿನ ಆರ್‌ಆರ್ ನಂಬರು ಹಿಡಿದು, 60 ಪ್ರಶ್ನೆ ಕೇಳಿಕೊಂಡು ತಿರುಗಿದ್ದು ಯಾವ ಲೆಕ್ಕಕ್ಕೆ? ಅದಕ್ಕೂ ಉತ್ತರ ಇದೆ. ಸಮೀಕ್ಷೆಯ ಹೆಸರನ್ನು ನಿಧಾನವಾಗಿ ಓದಿ: ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ‘ಶೈಕ್ಷಣಿಕ’! ಹೆಸರಿನಲ್ಲೇ ಇದ್ದ ಮೇಲೆ ಅದು ಶೈಕ್ಷಣಿಕವಲ್ಲದ ಕೆಲಸ ಹೇಗಾಗುತ್ತದೆ? ಇದೇ ದಾರಿಯಲ್ಲಿ ಮುಂದೆ ‘ಬೀದಿನಾಯಿಗಳ ಸಾಮಾಜಿಕ ಮತ್ತು ಶೈಕ್ಷಣಿಕ ನಿರ್ವಹಣೆ’ ಎಂದು ಹೆಸರಿಟ್ಟರೆ ಸೆಕ್ಷನ್ 27 ಬಾಲ ಮುದುರಿಕೊಂಡು ಮೂಲೆಗೆ ಹೋಗುತ್ತದೆ.

ಆ ಸಮೀಕ್ಷೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ನೆಟ್‌ವರ್ಕ್ ಸಿಗದೆ ನಮ್ಮ ಮೇಷ್ಟ್ರು ಊರ ಹಿಂದಿನ ಗುಡ್ಡ ಹತ್ತಿ, ಮನೆಯ ಯಜಮಾನನನ್ನೂ ಹತ್ತಿಸಿ, ಒಟಿಪಿ ಕೇಳಿ ಇಳಿಸಿದರು. ಮಂಡಿನೋವಿನ ಮುದುಕರೊಬ್ಬರು ಮಧ್ಯದ ಬಂಡೆಯ ಮೇಲೆ ಕೂತು ‘ನನ್ನ ಜಾತಿ ಇಲ್ಲಿಂದಲೇ ಬರ್ಕೊಳ್ಳಪ್ಪ, ಮೇಲೆ ಹೋದರೂ ಅದೇನು ಬದಲಾಗಲ್ಲ’ ಎಂದರಂತೆ. ಸರ್ಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು 18ರವರೆಗೆ ಬೆಳೆಸಿತು. ಮೇಷ್ಟ್ರಿಗೆ ಬಿಡುವಿಲ್ಲದ್ದಕ್ಕೆ ಮಕ್ಕಳಿಗೆ ಬಿಡುವು ಕೊಟ್ಟ ಆ ಜಾಣತನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಖಾಸಗಿ ಶಾಲೆಯ ಮಕ್ಕಳು ಆ ದಿನಗಳಲ್ಲಿ ತರಗತಿಯಲ್ಲಿ ಕೂತಿದ್ದರು ಎಂಬುದನ್ನು ಇಲ್ಲಿ ಎತ್ತುವುದಿಲ್ಲ, ಎತ್ತಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಇನ್ನು 2021ರಲ್ಲಿ ಆಗಬೇಕಿದ್ದ ಜನಗಣತಿ 2027ರಲ್ಲಿ. ಅದಂತೂ ಕಾನೂನುಬದ್ಧ. ಹತ್ತು ವರ್ಷಕ್ಕೊಮ್ಮೆಯದು ಹದಿನಾರು ವರ್ಷಕ್ಕೆ ಬಂದರೂ ಎಣಿಸುವ ಬೆರಳು ಮಾತ್ರ ಅದೇ ಮೇಷ್ಟ್ರದು.

ಗೋಡೆಯ ವಿಚಾರಕ್ಕೆ ಹೆಚ್ಚು ಹೋಗುವುದಿಲ್ಲ. 2022ರ ನವೆಂಬರಿನಲ್ಲಿ ವಿವೇಕ ಯೋಜನೆಯ ಶಾಲಾ ಕೊಠಡಿಗಳಿಗೆ ಕೇಸರಿ ಬಳಿಯಬೇಕೋ ಬೇಡವೋ ಎಂದು ನಾಡೇ ಎರಡು ಹೋಳಾಗಿತ್ತು. 2024ರ ಫೆಬ್ರುವರಿಯಲ್ಲಿ ವಸತಿ ಶಾಲೆಗಳ ಬಾಗಿಲಲ್ಲಿ ‘ಕೈ ಮುಗಿದು ಒಳಗೆ ಬಾ’ ಹೋಗಿ ‘ಧೈರ್ಯವಾಗಿ ಪ್ರಶ್ನಿಸಿ’ ಬಂದಾಗ ಮತ್ತೊಂದು ಸಲ. ನನ್ನ ಸ್ನೇಹಿತರ ಶಾಲೆಗೆ ಎರಡೂ ತಲುಪಲಿಲ್ಲ. ಅಲ್ಲಿನ ಹಿಂಗೋಡೆ ಮಳೆಗಾಲದಲ್ಲಿ ತನ್ನಷ್ಟಕ್ಕೆ ತಾನು ಹಸಿರಾಗುತ್ತದೆ, ಯಾವ ಪಕ್ಷದವರೂ ಇಲ್ಲಿಯವರೆಗೆ ಆಕ್ಷೇಪ ಎತ್ತಿಲ್ಲ.

ಕಾಂಪೌಂಡಿನ ಕಥೆ ಮಾತ್ರ ಹೇಳಲೇಬೇಕು. ಶಾಲೆಗೆ ಕಾಂಪೌಂಡೋ ಬೇಲಿಯೋ ಇರಬೇಕು ಎಂದು ಅದೇ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳಿತ್ತು, ಮೂರು ವರ್ಷದ ಗಡುವನ್ನೂ ಕೊಟ್ಟಿತ್ತು. ಎಂದರೆ 2013ಕ್ಕೆ ಆಗಿರಬೇಕಿತ್ತು. ಮೇಷ್ಟ್ರು ಅರ್ಜಿ ಕೊಟ್ಟರು, ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಯವರು ಠರಾವು ಮಾಡಿದರು, ಪಂಚಾಯ್ತಿಯವರು ನರೇಗಾದಲ್ಲಿ ನೋಡೋಣ ಎಂದರು, ಒಬ್ಬರು ಬಂದು ಟೇಪು ಹಿಡಿದು ಅಳೆದುಕೊಂಡು ಹೋದರು. ಆ ಟೇಪು ಇನ್ನೂ ಸುತ್ತಿಕೊಳ್ಳುತ್ತಿದೆಯೇನೋ. ಮಕ್ಕಳು ರಸ್ತೆಗೆ ಓಡದಿರಲಿ ಎಂದು ಕೇಳಿದಾಗ ಸಿಗದ ಕಾಂಪೌಂಡು ಈಗ ನಾಯಿಯ ದಯೆಯಿಂದ ಸಿಕ್ಕರೂ ಸಿಗಬಹುದು. ಸಿಕ್ಕರೆ ಅದಕ್ಕೆ ಕರಿಯನ ಹೆಸರನ್ನೇ ಇಡಬೇಕು.

ಅದಕ್ಕೂ ಮೊದಲು ಶಾಲೆ ಇರಬೇಕು, ಆ ಮಾತು ಬೇರೆ. ಮಕ್ಕಳು ಕಡಿಮೆ ಇರುವ ಕಡೆ ಈಗ ಹೊಸದೊಂದು ಪದ ಓಡಾಡುತ್ತಿದೆ: ಮ್ಯಾಗ್ನೆಟ್. ಕರ್ನಾಟಕ ಪಬ್ಲಿಕ್ ಶಾಲೆ ಎಂಬ ದೊಡ್ಡ ಶಾಲೆ ಅಯಸ್ಕಾಂತದ ಹಾಗೆ ಸುತ್ತಲಿನ ಮಕ್ಕಳನ್ನು ಸೆಳೆಯುತ್ತದಂತೆ. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಸರ್ಕಾರ ಹೇಳಿದೆ, ನಾನೂ ನಂಬಿದ್ದೇನೆ. ಅಯಸ್ಕಾಂತ ಯಾವತ್ತೂ ಡಬ್ಬಿಯನ್ನು ಮುಚ್ಚುವುದಿಲ್ಲ, ಮೊಳೆಗಳನ್ನು ಎಳೆದುಕೊಳ್ಳುತ್ತದೆ ಅಷ್ಟೆ. ಖಾಲಿ ಡಬ್ಬಿ ತೆರೆದೇ ಇರುತ್ತದೆ. ಆರು ವರ್ಷದ ಮಗುವಿನಲ್ಲಿ ಕಬ್ಬಿಣದ ಅಂಶವೇ ಕಡಿಮೆ, ಅದಕ್ಕೇ ಶಾಲೆಯಲ್ಲಿ ಮಾತ್ರೆ ಕೊಡುವುದು ಎಂಬುದನ್ನು ಯೋಜನೆ ಮಾಡಿದವರು ಗಮನಿಸಬೇಕಿತ್ತು.

ನಗುವುದು ಸಾಕು. ಹೋದ ತಿಂಗಳು ನಾನು ಆ ಶಾಲೆಯಲ್ಲಿ ಅರ್ಧ ದಿನ ಕೂತಿದ್ದೆ. ಟೀಚರು ತರಬೇತಿಗೆ ಹೋಗಿದ್ದರು. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂದು ಕಾನೂನು, ಆವತ್ತು ಐದು ತರಗತಿಗೆ ಒಬ್ಬರೇ. ನಲಿ-ಕಲಿ ಕೋಣೆಯಲ್ಲಿ ಚಪ್ಪರದ ದಾರಕ್ಕೆ ಮಕ್ಕಳು ಬಿಡಿಸಿದ ಚಿತ್ರ ನೇತಾಡುತ್ತಿದ್ದವು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಸೇರಿ ಹುಟ್ಟುಹಾಕಿದ ಪದ್ಧತಿ ಅದು. ಅಲ್ಲಿ ತಟ್ಟೆ ಎಂದರೆ ಮಕ್ಕಳ ಗುಂಪು. ಒಂದು ತಟ್ಟೆಯಲ್ಲಿ ಮೇಷ್ಟ್ರು ಮಕ್ಕಳ ಜತೆ ಕೂರಬೇಕು, ಕೊನೆಯ ತಟ್ಟೆಯವರು ತಾವೇ ಕಲಿಯಬೇಕು. ಆವತ್ತು ಎಲ್ಲ ತಟ್ಟೆಯೂ ಕೊನೆಯ ತಟ್ಟೆಯೇ. ಎರಡನೇ ತರಗತಿಯ ಒಬ್ಬಳು ಹುಡುಗಿ ಸ್ಲೇಟಿನಲ್ಲಿ ‘ಇಲಿ ಓಡಿತು’ ಎಂದು ಬರೆದುಕೊಂಡು ಬಂದು ಮೇಷ್ಟ್ರ ಮೇಜಿನ ಪಕ್ಕ ನಿಂತಳು. ‘ಡಿ’ಯ ಗುಡಿಸು ತುಸು ದೊಡ್ಡದಾಗಿತ್ತು. ಮೇಷ್ಟ್ರು ಮೊಬೈಲನ್ನು ಕಿಟಕಿಯ ಸರಳಿಗೆ ಒತ್ತಿ ಹಿಡಿದು ಯಾವುದೋ ಮಾಹಿತಿ ಹೋಗಲಿ ಎಂದು ಕಾಯುತ್ತಿದ್ದರು, ಹನ್ನೊಂದು ಗಂಟೆಯೊಳಗೆ ಕಳಿಸದಿದ್ದರೆ ನೋಟಿಸು. ಹುಡುಗಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದಳು. ‘ಸಾ’ ಎಂದಳು. ಇನ್ನೊಂದು ಸಲ ‘ಸಾ’ ಎಂದಳು. ಆಮೇಲೆ ಮೇಜಿನ ಮೇಲಿದ್ದ ಬಳಪ ತೆಗೆದುಕೊಂಡು ತನ್ನ ಸ್ಲೇಟಿಗೆ ತಾನೇ ರೈಟು ಹಾಕಿಕೊಂಡು ಜಾಗಕ್ಕೆ ಹೋದಳು.

ಮೇಷ್ಟ್ರು ಕೆಟ್ಟವರಲ್ಲ. ಅವರು ನೋಡಿದರು, ನೋಡಿದ್ದು ನನಗೆ ಗೊತ್ತಾಯಿತು ಎಂದು ಅವರಿಗೂ ಗೊತ್ತಾಯಿತು. ಇಬ್ಬರೂ ಮಾತಾಡಲಿಲ್ಲ. ಮೊಟ್ಟೆ ಎಷ್ಟು, ಹಾಲಿನ ಪುಡಿ ಎಷ್ಟು, ಗಿಡ ಎಷ್ಟು, ನಾಯಿ ಎಷ್ಟು ಎಂದು ದಿನಾ ಕೇಳುತ್ತಾರೆ. ಆ ಹುಡುಗಿ ಇವತ್ತು ಒಂದು ವಾಕ್ಯ ಬರೆದಳು ಎಂದು ಹೇಳುವುದಕ್ಕೆ ಇವರ ಯಾವ ದರಿದ್ರ ನಮೂನೆಯಲ್ಲೂ ಜಾಗವಿಲ್ಲ. ಕೊನೆಗೆ ಮಕ್ಕಳಿಗೆ ಓದಲು ಬರುವುದಿಲ್ಲ ಎಂದು ವರದಿ ಬಂದಾಗ ಇದೇ ಜನ ಸಭೆ ಕರೆದು ಇದೇ ಮೇಷ್ಟ್ರನ್ನು ಎದ್ದು ನಿಲ್ಲಿಸುತ್ತಾರೆ.

ಇರಲಿ, ಕರಿಯನ ವಿಚಾರಕ್ಕೆ ಬರೋಣ. ನೋಡಲ್ ಅಧಿಕಾರಿಯ ಹೆಸರು, ಮೊಬೈಲ್ ನಂಬರು ಇರುವ ಬೋರ್ಡು ಬರೆಸಿ ಗೇಟಿನ ಕಂಬಕ್ಕೆ ಹಾಕಬೇಕಿತ್ತು. ಗೇಟಿಲ್ಲ, ಕಂಬ ಇದೆ. ಮೇಷ್ಟ್ರು ಸ್ವಂತ ದುಡ್ಡಿನಲ್ಲಿ ಬರೆಸಿ ತಗುಲಿಹಾಕಿದರು. ಮೇಲೆ ‘ಬೀದಿನಾಯಿ’ ಎಂದು ದಪ್ಪಕ್ಷರ, ಕೆಳಗೆ ಇವರ ಹೆಸರು. ಜಿಪಿಎಸ್ ಇರುವ ಫೋಟೊ ತೆಗೆದು ಕಳಿಸಿದರು. ಹತ್ತು ನಿಮಿಷಕ್ಕೆ ವಾಪಸು ಬಂತು: ‘ಬೋರ್ಡಿನ ಕೆಳಗೆ ನಾಯಿ ಮಲಗಿದೆ. ನಾಯಿ ಇಲ್ಲದ ಫೋಟೊ ಕಳುಹಿಸುವುದು.’ ಗದರಿದರು, ಕರಿಯ ಬಾಲ ಅಲ್ಲಾಡಿಸಿತು. ಅವತ್ತು ಬಾಳೆಹಣ್ಣಿನ ದಿನ. ಒಂದು ಹಣ್ಣು ಸುಲಿದು ದೂರ ಎಸೆದರು. ಅದು ತಲೆ ಎತ್ತಿ ನೋಡಿ ಮತ್ತೆ ಮಲಗಿತು. ಕೊನೆಗೆ ಒಬ್ಬ ಹುಡುಗನನ್ನು ಅಂಗಡಿಗೆ ಓಡಿಸಿ ಒಂದು ಮೊಟ್ಟೆ ತರಿಸಿ, ಬೇಯಿಸಿ, ಅಡುಗೆಯಮ್ಮನ ಕೈಲಿ ಸುಲಿಸಿ ಮೈದಾನದ ಆಚೆಗೆ ಎಸೆಯಬೇಕಾಯಿತು. ಕರಿಯ ಎದ್ದು ಹೋಯಿತು, ಫೋಟೊ ಆಯಿತು, ‘ಗುಡ್’ ಕೂಡ ಬಂತು.

ರಾತ್ರಿ ಮೇಷ್ಟ್ರು ಮತ್ತೆ ಫೋನ್ ಮಾಡಿದ್ದರು. ಆ ಒಂದು ಮೊಟ್ಟೆಯನ್ನು ಯಾವ ಕಾಲಮ್ಮಿನಲ್ಲಿ ತೋರಿಸಲಿ ಕಣಯ್ಯ, ಅಂತ.