ಕೈ ನಡುಗಿದ್ದಲ್ಲ ಸ್ವಾಮಿ, ಸ್ಕೋಪ್ ಜಾರಿದ್ದು

ನಾಲ್ಕು ಭಾನುವಾರ ಹಾಳಾದವು. ಪೆಲೆಟ್, ಅಂದರೆ ಸೀಸದ ಚಿಕ್ಕ ಗುಂಡಿನ ಡಬ್ಬಿ ಎರಡು ಖಾಲಿಯಾದವು. ಏರ್ ರೈಫಲ್ ಮೇಲೆ ಹೊಸದಾಗಿ ಕೂರಿಸಿದ ಸ್ಕೋಪ್, ಅಂದರೆ ಗುರಿ ಹಿಡಿಯುವ ದುರ್ಬೀನು, ಮಾತ್ರ ಇವತ್ತಿಗೂ ಗುರಿಗೆ ಕೂಡಿಲ್ಲ. ಫೋನ್ ಮಾಡಿದರೆ ಅಂಗಡಿಯವನು ಏನನ್ನೋ ಜಗಿಯುತ್ತ ಹೇಳುತ್ತಾನೆ: "ನಿಮ್ಮ ಕೈ ನಡುಗುತ್ತಿರಬೇಕು, ಸರ್."

ಕೊಳ್ಳುವಾಗ ಎರಡು ಸಲ ಕೇಳಿದ್ದೆ, ಸ್ಪ್ರಿಂಗ್ ಬಲದಿಂದ ಹೊಡೆಯುವ ನನ್ನ ರೈಫಲ್‌ನ ಒದೆತವನ್ನು ಇದು ತಡೆಯುತ್ತದೆಯೇ ಎಂದು. "ಎಲ್ಲದಕ್ಕೂ ನಡೆಯುತ್ತದೆ" ಎಂದಿದ್ದ.

ನಾನೇನು ಶಿಕಾರಿಯವನಲ್ಲ. ಪರವಾನಗಿ ಬೇಡದ 4.5 ಮಿ.ಮೀ. ರೈಫಲ್. ಬಳ್ಳಾರಿಯ ನಮ್ಮ ಮನೆಯ ಹಿಂದೆ ಖಾಲಿ ಬಿದ್ದಿರುವ ಹತ್ತಿ ಗೋದಾಮಿನಲ್ಲಿ, ಎರೆಮಣ್ಣು ತುಂಬಿದ ಗೋಣಿಚೀಲಗಳ ಮುಂದೆ 10 ಮೀಟರಿಗೆ ಒಂದು ಕಾಗದ. ಏಪ್ರಿಲ್‌ನಲ್ಲಿ ಆ ತಗಡಿನ ಕೆಳಗೆ ಕೂತವನಿಗೇ ಗೊತ್ತು ಅದರ ಸುಖ.

ಮೊದಲ ದಿನ ಗುಂಡು 4 ಸೆಂ.ಮೀ. ಬಲಕ್ಕೆ ಬಿತ್ತು. ಸ್ಕೋಪಿನ ತಿರುಪು ಒಂದು ಕ್ಲಿಕ್ ತಿರುಗಿಸಿದರೆ ಗುಂಡು 100 ಗಜದಲ್ಲಿ ಕಾಲು ಇಂಚು ಸರಿಯುತ್ತದೆ ಎಂದು ಡಬ್ಬಿಯ ಮೇಲಿದೆ. 10 ಮೀಟರಿನಲ್ಲಿ ಅದು 0.7 ಮಿ.ಮೀ. ಆಸುಪಾಸು. ಐವತ್ತೇಳು ಕ್ಲಿಕ್ ಎಣಿಸಿ ತಿರುಗಿಸಿದೆ. ಐದು ಗುಂಡು ನಟ್ಟನಡುವೆ! ಚಹಾ ಕುಡಿದು ಬಂದು ಹೊಡೆದರೆ ಮೇಲೆ, ಎಡಕ್ಕೆ. ಮತ್ತೆ ತಿರುಗಿಸಿದೆ. ಈಗ ಕೆಳಗೆ.

ನೋಡುತ್ತಿದ್ದ ಸೋದರಮಾವ ಸುಮ್ಮನಿರಬೇಕಲ್ಲ. "ಅಭಿನವ್ ಬಿಂದ್ರಾ 2008ರ ಒಲಿಂಪಿಕ್ಸ್ ಏರ್ ರೈಫಲ್‌ನಲ್ಲಿ ದುರ್ಬೀನೇ ಇಲ್ಲದೆ ಚಿನ್ನ ಗೆದ್ದ. ನಿನಗೆ ದುರ್ಬೀನು ಹಾಕಿಯೂ ಕಾಗದ ಸಿಗುತ್ತಿಲ್ಲವಲ್ಲೋ ಅಳಿಯಾ!" ನಿಜ ಮಾವ, ಆ ಸ್ಪರ್ಧೆಯಲ್ಲಿ ದುರ್ಬೀನು ಹಾಕುವಂತೆಯೇ ಇಲ್ಲ. ಆದರೆ ಅವರು ಹಿಡಿಯುವುದು ಒತ್ತಿಟ್ಟ ಗಾಳಿಯ ರೈಫಲ್, ಒದೆತ ಇಲ್ಲವೆಂದೇ ಹೇಳಬೇಕು. ನನ್ನದು ಎರಡು ಸಲ ಒದೆಯುವ ಕತ್ತೆ. ಟ್ರಿಗರ್ ಎಳೆದೊಡನೆ ಒಳಗಿನ ಪಿಸ್ಟನ್ ಮುಂದೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಬರುತ್ತದೆ. ಪಿಸ್ಟನ್ ಹೋಗಿ ತುದಿಗೆ ಬಡಿದು ನಿಂತಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಸ್ಕೋಪ್ ಕೊಲ್ಲುವುದು ಈ ಎರಡನೆಯ ಜಗ್ಗು.

ಮೂರನೆಯ ಭಾನುವಾರ ಮಗಳ ನೇಲ್ ಪಾಲಿಶ್ ತಂದೆ. ಸ್ಕೋಪನ್ನು ರೈಫಲ್‌ಗೆ ಬಿಗಿಯುವ ಹಿಂದಿನ ಹಿಡಿಕೆಯಿಂದ ರೈಫಲ್ ಮೇಲಕ್ಕೆ ಒಂದು ಗುಲಾಬಿ ಗೆರೆ ಎಳೆದು, ಒಣಗಿದ ಮೇಲೆ ಇಪ್ಪತ್ತು ಗುಂಡು ಹೊಡೆದೆ. ಗೆರೆ ಎರಡು ತುಂಡಾಗಿತ್ತು. ಹಿಡಿಕೆಯ ಮೇಲಿನ ತುಂಡು ಅಕ್ಕಿಕಾಳಿನ ಅಗಲದಷ್ಟು ನನ್ನ ಕಡೆಗೆ ಸರಿದಿತ್ತು. ಇದನ್ನೂ ನನ್ನ ಕೈಯೇ ನಡುಗಿ ಸರಿಸಿತೇ?

ಜಾರದಂತೆ ತಡೆಯಲು ರೈಫಲ್ ಮೇಲೆ ತೂತಿದೆ, ಹಿಡಿಕೆಯಲ್ಲೂ ತೂತಿದೆ. ಅವುಗಳಲ್ಲಿ ಇಳಿಯಬೇಕಾದ ಗೂಟ ಡಬ್ಬಿಯಲ್ಲಿಲ್ಲ. ಗಾಜು ಒರೆಸುವ ಬಟ್ಟೆ ಎರಡಿವೆ, ಬೈಕಿಗೆ ಅಂಟಿಸಲು ಸ್ಟಿಕ್ಕರ್ ಇದೆ, ಗೂಟ ಇಲ್ಲ! ಲೇತಿನವರ ಮುಂದೆ ಅರ್ಧ ದಿನ ಕೂತು ಮಾಡಿಸಿಕೊಂಡೆ.

ಜಾರುವುದು ನಿಂತಿತು. ಈಗ ಗುಂಡುಗಳೆಲ್ಲ ಒಂದೇ ಕಡೆ, ಆದರೆ 3 ಸೆಂ.ಮೀ. ಕೆಳಗೆ, ಮೇಲಿನ ತಿರುಪು ಆಗಲೇ ಕೊನೆ ಮುಟ್ಟಿದೆ. ಗುಂಡು ತುಂಬಲು ಮಡಚುವ ಇಂಥ ನಳಿಗೆಗಳ ಮೂತಿ ತುಸು ಕೆಳಗೆ ವಾಲಿರುವುದು ಹೊಸದೇನಲ್ಲ. ಹಿಂದಿನ ಹಿಡಿಕೆಯಲ್ಲಿ ಸ್ಕೋಪಿನ ಕೆಳಗೆ ಕ್ಯಾಮೆರಾ ಫಿಲ್ಮ್ ತುಂಡು ಇಟ್ಟರೆ ಸರಿಹೋಗುತ್ತದೆ. ಕೌಲ್ ಬಜಾರಿನಲ್ಲಿ ಹಳೆಯ ಸ್ಟುಡಿಯೋ ಹುಡುಕಿ, ಯಾರದೋ ಮದುವೆಯ ನೆಗೆಟಿವ್ ಬೇಡಿ ತಂದೆ. ಕತ್ತರಿಸುವಾಗ ಮದುಮಗನ ಅರ್ಧ ಪೇಟ ಹೋಯಿತು, ಕ್ಷಮೆಯಿರಲಿ. ಮೂರು ತುಂಡು ಇಟ್ಟು ಹೊಡೆದೆ. ಕಾಗದದ ಕಪ್ಪು ಚುಕ್ಕೆಯ ನಡುವೆ!

ಹನ್ನೆರಡನೆಯ ಗುಂಡಿಗೆ ಕಣ್ಣೆದುರೇ ಸ್ಕೋಪಿನೊಳಗಿನ ಗುರಿಯ ಅಡ್ಡಗೆರೆ ಓರೆಯಾಯಿತು. ಸ್ಕೋಪ್ ಅಲುಗಿಸಿದರೆ ಒಳಗೆ ಏನೋ ಗಿಲಕಿಯಂತೆ ಸದ್ದು ಮಾಡುತ್ತದೆ. ಅಂಗಡಿಗೆ ಫೋನ್ ಮಾಡಿ ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

"ಹೊರಗಿನ ಗೂಟ ಹಾಕಿಸಿದ್ದೀರಲ್ಲ ಸರ್, ಗ್ಯಾರಂಟಿ ಹೋಯಿತು."