ನಾನೇ ನಾನು ಅಂತ ಅಫಿಡವಿಟ್

ಇವತ್ತು ನೋಟರಿಯೊಬ್ಬರ ಮೇಜಿನ ಮೇಲಿದ್ದ ಸ್ಟಾಂಪ್ ಪೇಪರ್ ಕಣ್ಣಿಗೆ ಬಿತ್ತು. ಆಗಿನಿಂದ ತಲೆ ಬಿಸಿ ಇಳಿದಿಲ್ಲ. ಮಾಜಿ ಹವಾಲ್ದಾರರೊಬ್ಬರ ಹೆಂಡತಿ, ಎಪ್ಪತ್ತು ದಾಟಿದ ಹೆಂಗಸು, ಸೇನೆಯ ದಾಖಲೆಯಲ್ಲಿ ಇಂಗ್ಲಿಷ್ ಎಕ್ಸ್ ಹಾಕಿ ಬರೆದ ಲಕ್ಷ್ಮಮ್ಮನೂ ಆಧಾರ್‌ನಲ್ಲಿ ಕೆ-ಎಸ್-ಎಚ್ ಹಾಕಿ ಬರೆದ ಲಕ್ಷ್ಮಮ್ಮನೂ ತಾನೊಬ್ಬಳೇ ಅಂತ ದೇವರ ಮೇಲೆ ಪ್ರಮಾಣ ಮಾಡಿದ್ದಾರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಅಕ್ಷರ, ಒಂದೇ ಉಚ್ಚಾರ. ಆದರೂ ಪ್ರಮಾಣ ಮಾಡಬೇಕು.

ತಪ್ಪು ಬರೆದವರು ಯಾರು, ಪ್ರಮಾಣ ಮಾಡೋರು ಯಾರು? ನನ್ನ ಜಗಳ ಇಷ್ಟೇ.

ಆ ಎಕ್ಸ್ ಎಲ್ಲಿಂದ ಬಂತು ಅಂತ ಸೇನೆಯಲ್ಲಿದ್ದ ಗೆಳೆಯರಿಗೆ ಗೊತ್ತು. ಜವಾನ ಮದುವೆಯಾಗಿ ರಜೆ ಮುಗಿಸಿ ಯೂನಿಟ್‌ಗೆ ಹೋಗ್ತಾನೆ, ಹೆಂಡತಿಯ ಹೆಸರು ಬಾಯಲ್ಲಿ ಹೇಳ್ತಾನೆ. ಕ್ಲರ್ಕು ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷ್‌ನಲ್ಲಿ ಬರೀತಾನೆ. ಅದು ಪಾರ್ಟ್ ಟೂ ಆರ್ಡರ್ (ಸೈನಿಕನ ವೈಯಕ್ತಿಕ ವಿವರ ದಾಖಲಿಸುವ ಆದೇಶ) ಆಗುತ್ತೆ, ಶೀಟ್ ರೋಲ್‌ಗೆ (ಸೈನಿಕನ ಸೇವಾ ದಾಖಲೆ) ಏರುತ್ತೆ, ನಿವೃತ್ತಿ ದಿನ ಡಿಸ್ಚಾರ್ಜ್ ಬುಕ್ಕಿಗೂ ಪಿಪಿಒಗೂ (ಪಿಂಚಣಿ ಪಾವತಿ ಆದೇಶ) ಇಳಿಯುತ್ತೆ. ನಮ್ಮ ಇನಿಷಿಯಲ್ ಕಥೆ ಇನ್ನೂ ಚೆಂದ. ಊರಿನ ಹೆಸರು, ಅಪ್ಪನ ಹೆಸರು ಎರಡಕ್ಕೂ ಒಂದೊಂದು ಅಕ್ಷರ ಇಟ್ಟುಕೊಂಡವನಿಗೆ 'ಸರ್‌ನೇಮ್ ಕ್ಯಾ ಹೈ' ಅಂತ ಕೇಳಿದರೆ ಏನು ಹೇಳಬೇಕು? ಒಬ್ಬ ಅಪ್ಪನ ಹೆಸರು ಹೇಳ್ತಾನೆ, ಇನ್ನೊಬ್ಬ ಗೌಡ ಅಂತಾನೆ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪ್ಯಾನ್‌ನಲ್ಲಿ ಅದೇ ಬಿಡಿಸಿ ಮುಂದೆ, ಪಿಪಿಒದಲ್ಲಿ ಇಲ್ಲವೇ ಇಲ್ಲ. (ನಾನೂ ಆ ರೋಲ್‌ಗಳನ್ನು ತುಂಬಿದವನೇ. ಎಷ್ಟು ಎಕ್ಸ್ ಹಾಕಿದ್ದೇನೋ, ಲೆಕ್ಕ ಇಟ್ಟಿಲ್ಲ.)

'ಸರ್ವೀಸಲ್ಲಿ ಇದ್ದಾಗಲೇ ನೋಡಿಕೊಳ್ಳಬೇಕಿತ್ತು, ದಾಖಲೆ ತೋರಿಸಿ ಸಹಿ ಹಾಕಿಸಿರ್ತಾರಲ್ಲ' ಅಂತ ಕಾಮೆಂಟ್ ಬರುತ್ತೆ. ಹೌದು ಸ್ವಾಮಿ, ಹಾಕಿಸಿರ್ತಾರೆ. ನೂರು ಜನರ ಸಾಲಲ್ಲಿ ನಿಲ್ಲಿಸಿ, ಬೆರಳಿಟ್ಟ ಜಾಗದಲ್ಲಿ ಸಹಿ. ಹಾಗೆಯೇ 'ಸುಲಭವಾಗಿ ತಿದ್ದಿಕೊಟ್ಟರೆ ಎರಡನೇ ಹೆಂಡತಿಯ ಹೆಸರು ಸೇರಿಸಿಬಿಡ್ತಾರೆ' ಅನ್ನೋದೂ ಸುಳ್ಳಲ್ಲ, ಅಂಥವೂ ನಡೆದಿವೆ. ಆದರೆ ಎರಡನೇ ಹೆಂಡತಿಯೂ ಎರಡನೇ ಎಕ್ಸೂ ಒಂದೇನಾ? ಗಂಡ-ಹೆಂಡಿರ ಜಂಟಿ ಫೋಟೋ ಸೇನೆಯ ಕಡತದಲ್ಲೇ ಇರುತ್ತಲ್ಲ, ತೆಗೆದು ನೋಡಲಿ.

ಇನ್ನು ಜನ್ಮದಿನಾಂಕ. ಸೇನೆಯ ಮುಖ್ಯಸ್ಥರಿಗೇ ಎರಡು ಹುಟ್ಟಿದ ದಿನ ಇತ್ತು! ಜನರಲ್ ವಿ.ಕೆ. ಸಿಂಗ್ ಅವರದ್ದು ಒಂದು ಶಾಖೆಯ ಕಡತದಲ್ಲಿ 10 ಮೇ 1950, ಇನ್ನೊಂದರಲ್ಲಿ 10 ಮೇ 1951. ಸುಪ್ರೀಂ ಕೋರ್ಟಿಗೆ ಹೋಗಿ, 2012ರ ಫೆಬ್ರವರಿಯಲ್ಲಿ ಅರ್ಜಿ ಹಿಂದಕ್ಕೆ ತಗೊಂಡು, ಆ ಮೇ ತಿಂಗಳಲ್ಲೇ ನಿವೃತ್ತರಾದರು. ಮೇಷ್ಟ್ರು ಶಾಲೆಗೆ ಸೇರಿಸುವಾಗ ಜೂನ್ ಒಂದು ಅಂತ ಬರೆದುಕೊಂಡ ನಮ್ಮ ಊರಿನ ಸಿಪಾಯಿಗೆ ಏನು ಸಿಗುತ್ತೆ? ಆದ್ದರಿಂದ ಮಾಜಿ ಸೈನಿಕರು ತಮ್ಮ ಸ್ವಂತ ಜನ್ಮದಿನಾಂಕದ ತಂಟೆಗೆ ಹೋಗಬೇಡಿ. ಸೇರಿದ ದಿನ ಬರೆದದ್ದರ ಮೇಲೆಯೇ ನಿವೃತ್ತಿಯ ಲೆಕ್ಕ ಆಗಿರುತ್ತೆ, ಅದನ್ನು ಅವರು ಮುಟ್ಟಲ್ಲ. ಆಧಾರ್‌ನಲ್ಲಿ ಜನವರಿ ಒಂದು ಅಂತಿದ್ದರೆ ಆಧಾರನ್ನೇ ಡಿಸ್ಚಾರ್ಜ್ ಬುಕ್ಕಿಗೆ ಹೊಂದಿಸಿ. ಆಧಾರ್‌ನಲ್ಲಿ ಜನ್ಮದಿನಾಂಕ ತಿದ್ದೋಕೆ ಒಂದೇ ಸಲ, ಹೆಸರು ತಿದ್ದೋಕೆ ಎರಡೇ ಸಲ ಅವಕಾಶ. ಸೈಬರ್ ಅಂಗಡಿ ಹುಡುಗನ ಕೈಯಲ್ಲಿ ಅದನ್ನು ಸುಮ್ಮನೆ ಕಳೆದುಕೊಳ್ಳಬೇಡಿ.

ಹೆಂಡತಿಯ ಹೆಸರಿಗೆ ಈ ಲೆಕ್ಕ ತಿರುಗುಮುರುಗು. ಆಕೆಯ ಆಧಾರನ್ನು ಪಿಪಿಒಗೆ ಹೊಂದಿಸಲು ಹೋದರೆ ಬ್ಯಾಂಕ್ ಪಾಸ್‌ಬುಕ್, ಪ್ಯಾನ್, ಪಹಣಿ, ಮಕ್ಕಳ ಅಂಕಪಟ್ಟಿ ಎಲ್ಲವೂ ಸಾಲಾಗಿ ಕೆಡುತ್ತವೆ. ಅಲ್ಲಿ ತಿದ್ದಬೇಕಾದ್ದು ಸೇನೆಯ ದಾಖಲೆಯನ್ನೇ. ಪಿಪಿಒದಲ್ಲಿ ಆಕೆಯ ಜನ್ಮದಿನಾಂಕದ ಜಾಗ ಖಾಲಿ ಇದ್ದರೆ ಅದನ್ನೂ ಅದೇ ಅರ್ಜಿಯಲ್ಲಿ ಸೇರಿಸಿ. ಕುಟುಂಬ ಪಿಂಚಣಿ 80 ತುಂಬಿದ ಮೇಲೆ ಶೇ. 20 ಹೆಚ್ಚಾಗುತ್ತೆ, 85ಕ್ಕೆ ಶೇ. 30, 90ಕ್ಕೆ ಶೇ. 40. ಕನಿಷ್ಠ ಪಿಂಚಣಿಯಾದ 9,000 ರೂಪಾಯಿ ಮೇಲೆ ಲೆಕ್ಕ ಹಾಕಿದರೂ ತಿಂಗಳಿಗೆ 1,800, ಅದರ ಮೇಲೆ ತುಟ್ಟಿಭತ್ಯೆ. ಹುಟ್ಟಿದ ತಾರೀಖು ಇಲ್ಲದ ಅಜ್ಜಿಗೆ 80 ತುಂಬಿತು ಅಂತ ಕಂಪ್ಯೂಟರಿಗೆ ಯಾರು ಹೇಳಬೇಕು?

ಮೊದಲ ಅರ್ಜಿ ತಿದ್ದುಪಡಿಗೆ ಹಾಕಬೇಡಿ. ಶೀಟ್ ರೋಲ್‌ನ ನಕಲು ಕೇಳಿ. ಕೊಡದಿದ್ದರೆ 10 ರೂಪಾಯಿಯ ಆರ್‌ಟಿಐ ಇದೆ, 30 ದಿನದ ಗಡುವಿದೆ. ಕಳಿಸಬೇಕಾದ್ದು ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರು, ತೋಪಖಾನೆಗೆ ನಾಸಿಕ್ ರೋಡ್, ಸಿಗ್ನಲ್ಸ್‌ಗೆ ಜಬಲ್ಪುರ, ಇಎಂಇಗೆ ಸಿಕಂದರಾಬಾದ್. ತಪ್ಪು ಪಿಪಿಒದಲ್ಲಿ ಮಾತ್ರ ಇದೆಯೋ, ಶೀಟ್ ರೋಲ್‌ನಲ್ಲೇ ಇದೆಯೋ ಅಂತ ಆ ನಕಲು ನೋಡಿದರೇ ತಿಳಿಯೋದು. ಪಿಪಿಒದಲ್ಲಿ ಮಾತ್ರ ಆದರೆ ಅದು ಟೈಪಿಂಗ್ ದೋಷ, ಅಫಿಡವಿಟ್ ಹಾಕುವ ಮೊದಲು ಶೀಟ್ ರೋಲ್ ತೋರಿಸಿಯೇ ವಾದ ಮಾಡಿ.

ಅಫಿಡವಿಟ್ ಬೇಕೇ ಬೇಕು ಅಂದರೆ ಒಂದು ಪದದ ಬಗ್ಗೆ ಎಚ್ಚರ. ನೋಟರಿ ಹತ್ತಿರ ರೆಡಿ ಇರುವ ನಮೂನೆಯಲ್ಲಿ 'ಹೆಸರನ್ನು ಬದಲಾಯಿಸಿಕೊಂಡಿರುತ್ತೇನೆ' ಅಂತಿರುತ್ತೆ. ಆ ಒಂದು ಕ್ರಿಯಾಪದ ಸಾಕು. ಅಕ್ಷರ ತಿದ್ದುಪಡಿಯ ಕೇಸು ಹೆಸರು ಬದಲಾವಣೆಯ ಕೇಸಾಗಿ, ಎರಡು ಪತ್ರಿಕೆಗಳಲ್ಲಿ ಜಾಹೀರಾತು ಹಾಕಿ, ಗೆಜೆಟ್ ತನ್ನಿ ಅಂತ ಕಾಗದ ಬರುತ್ತೆ. 'ದಾಖಲೆಯಲ್ಲಿ ತಪ್ಪಾಗಿ ನಮೂದಾಗಿದೆ, ಸರಿಯಾದದ್ದು ಹೀಗೆ' ಅಂತಲೇ ಬರೆಸಿ. ಎರಡೂ ಹೆಸರನ್ನು ಇಂಗ್ಲಿಷ್ ಅಕ್ಷರ, ಚುಕ್ಕೆ, ಖಾಲಿ ಜಾಗ ಸಮೇತ ಇದ್ದದ್ದು ಇದ್ದ ಹಾಗೆ ಹಾಕಿ. ಸೇನಾ ಸಂಖ್ಯೆಯ ಕೊನೆಯ ಅಕ್ಷರ ಬಿಡಬೇಡಿ. ಜೆಸಿಒ (ಸುಬೇದಾರ್ ದರ್ಜೆ) ಆಗಿ ನಿವೃತ್ತರಾದವರು ಹಳೆಯ ಸಿಪಾಯಿ ನಂಬರನ್ನೂ ಕೊಡಿ.

ಪಿಪಿಒ, ಡಿಸ್ಚಾರ್ಜ್ ಬುಕ್, ಇಬ್ಬರ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಜಂಟಿ ಫೋಟೋ ಎಲ್ಲವನ್ನೂ ಒಂದೇ ಸಲ ಕಳಿಸಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ದೃಢೀಕರಿಸಿಕೊಂಡು, ಅವರ ಪತ್ರದ ಜೊತೆಯಲ್ಲೇ ಹೋಗಲಿ. ಯಾಕಂದರೆ ಆಕ್ಷೇಪಣೆ ಯಾವತ್ತೂ ಒಟ್ಟಿಗೆ ಬರಲ್ಲ. ಮೊದಲು 'ಪ್ಯಾನ್ ನಕಲು ಇಲ್ಲ', ಅದನ್ನು ಕಳಿಸಿದರೆ 'ಫೋಟೋ ದೃಢೀಕರಿಸಿಲ್ಲ'. ಪ್ರತಿ ಸಲ ಕಡತ ಅಡಿಗೆ ಹೋಗಿ ಮತ್ತೆ ಮೇಲೆ ಬರಬೇಕು. ಒಂದು ಅಕ್ಷರಕ್ಕೆ ಇಷ್ಟು ಕಾಗದ. ಅದನ್ನು ತಪ್ಪಾಗಿ ಬರೆದ ದಿನ ಒಂದಾದರೂ ಕಾಗದ ಕೇಳಿದ್ದರಾ?

ಪಾರ್ಟ್ ಟೂ ಆರ್ಡರ್ ಆಯ್ತು ಅಂತ ಪತ್ರ ಬಂದರೆ ಸಿಹಿ ಹಂಚಬೇಡಿ. ಅಲ್ಲಿಗೆ ಅರ್ಧ ಕೆಲಸ. ಅದು ಡೇಟಾ ಶೀಟ್ ಆಗಿ ಪ್ರಯಾಗ್‌ರಾಜ್‌ನ ಪಿಂಚಣಿ ಲೆಕ್ಕಪತ್ರ ಕಚೇರಿಗೆ ಹೋಗಬೇಕು, ಅಲ್ಲಿಂದ ತಿದ್ದುಪಡಿ ಪಿಪಿಒ ಹೊರಡಬೇಕು. ಬಹಳಷ್ಟು ಕೇಸು ಇವೆರಡರ ನಡುವೆಯೇ ಕಳೆದುಹೋಗುತ್ತೆ. ಆರ್ಡರಿನ ನಂಬರ್, ತಾರೀಖು ಕೇಳಿ ಬರೆದಿಟ್ಟುಕೊಳ್ಳಿ, ರಕ್ಷಣಾ ಪಿಂಚಣಿಯ ಆನ್‌ಲೈನ್ ಪೋರ್ಟಲ್ ಸ್ಪರ್ಶ್‌ನಲ್ಲಿ ಹೆಸರು ನಿಜಕ್ಕೂ ಬದಲಾಯ್ತಾ ನೋಡಿ. ಅಫಿಡವಿಟ್, ಆರ್‌ಟಿಐ ಯಾವುದಕ್ಕೂ ಜಗ್ಗದಿದ್ದರೆ ಸೇನಾ ನ್ಯಾಯಮಂಡಳಿ ಇದೆ, ಕರ್ನಾಟಕದ ನಮಗೆ ಅದು ಕೊಚ್ಚಿಯಲ್ಲಿ. ಎಪ್ಪತ್ತು ದಾಟಿದವರು ಒಂದು ಎಕ್ಸ್‌ಗಾಗಿ ಕೊಚ್ಚಿಗೆ!

ಇದೆಲ್ಲ ಗಂಡ ಬದುಕಿರುವಾಗಲೇ ಆಗಬೇಕು. ಇವತ್ತು ಅರ್ಜಿಯಲ್ಲಿ 'ನನ್ನ ಹೆಂಡತಿಯ ಹೆಸರು ಇದು' ಅಂತ ಹೇಳೋಕೆ ಅವನಿದ್ದಾನೆ. ಆಮೇಲೆ ಆಕೆಯೊಬ್ಬಳೇ ನಿಂತು ತಾನು ಅವನ ಹೆಂಡತಿ ಅಂತಲೂ ಸಾಬೀತು ಮಾಡಬೇಕು, ತಾನು ತಾನೇ ಅಂತಲೂ ಸಾಬೀತು ಮಾಡಬೇಕು. ಅಷ್ಟರವರೆಗೆ ಪಿಂಚಣಿ ಕಾಯುತ್ತೆ, ಅಡುಗೆಮನೆ ಕಾಯಲ್ಲ.

ಹೊಸ ಪಿಪಿಒ ಕೈಗೆ ಬಂದ ಮೇಲೆ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡಿಗೆ ಬೇರೆ ಅರ್ಜಿ, ಕ್ಯಾಂಟೀನ್ ಕಾರ್ಡಿಗೆ ಬೇರೆ. ಹಳೆ ಕಾರ್ಡಿನಲ್ಲಿ ಎಕ್ಸ್ ಇರುತ್ತೆ, ಹೊಸ ಪಿಪಿಒದಲ್ಲಿ ಇರಲ್ಲ. ಕೌಂಟರಿನಲ್ಲಿ ಕೂತವನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಾನೆ, ಕನ್ನಡಕ ಮೇಲೇರಿಸ್ತಾನೆ, ಕೇಳ್ತಾನೆ: 'ಇಬ್ಬರೂ ಒಬ್ಬರೇ ಅನ್ನೋದಕ್ಕೆ ಅಫಿಡವಿಟ್ ತಂದಿದ್ದೀರಾ?'